ಮಳೆಗಾಲದಲ್ಲಿ ಪುಟ್ಟ ನಾಯಿಯ ಕೂದಲು: ಮೊದಲು ಬಾಚಿ, ಆಮೇಲೆ ಸ್ನಾನ

ಚಿಕ್ಕಮಗಳೂರಿನಲ್ಲಿ ಜೂನ್ ಬಂತೆಂದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ನಾಯಿಯ ಮೈ ಎಲ್ಲಿ ಒಣಗುತ್ತದೆ? ನಮ್ಮ ಚಿನ್ನಿಯ ಅಮ್ಮ ಪೊಮೇರಿಯನ್, ಅಪ್ಪ ನಮ್ಮ ಬೀದಿಯದೇ ನಾಯಿ. 7 ಕೆಜಿ ಮೈ, ಅದರ ಮೇಲೆ ಎರಡು ಪದರ ಕೂದಲು. ಮೇಲಿನದು ಉದ್ದ, ಒಳಗಿನದು ಹತ್ತಿಯಂತೆ ಮೆತ್ತಗೆ. ತೊಂದರೆಯೆಲ್ಲ ಶುರುವಾಗುವುದು ಆ ಒಳಪದರದಲ್ಲೇ.

ಮೊದಲ ಮಳೆಗಾಲದಲ್ಲಿ ಕಿವಿಯ ಹಿಂದೆ ಅಡಿಕೆ ಗಾತ್ರದ ಗಂಟು ಇತ್ತು, ನೀರು ಬಿದ್ದರೆ ಬಿಡುತ್ತದೆ ಅಂದುಕೊಂಡು ಹಾಗೇ ಸ್ನಾನ ಮಾಡಿಸಿದೆ. ಒಣಗಿದ ಮೇಲೆ ನೋಡಿದರೆ ಕಂಬಳಿ ಚೂರಿನ ಹಾಗೆ ಬಿಗಿದುಕೊಂಡಿತ್ತು, ಅಡಿಯಲ್ಲಿ ಚರ್ಮ ಕೆಂಪಾಗಿ ನಾರುತ್ತಿತ್ತು. ಕತ್ತರಿ ಹಿಡಿದೆ, ಚರ್ಮವೂ ಸಿಕ್ಕಿತು. ಗಂಟಿನ ಜೊತೆ ಚರ್ಮ ಮೇಲೆದ್ದು ಬಂದಿರುತ್ತದೆ, ಕಾಣುವುದಿಲ್ಲ. ದಯವಿಟ್ಟು ಕತ್ತರಿ ಹಾಕಬೇಡಿ.

ಹಾಗಾದರೆ ಹೇಗೆ? ಒಣಗಿರುವಾಗಲೇ ಬಾಚಿ. ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ. ಎಳೆತ ಚರ್ಮಕ್ಕೆ ತಾಗದಂತೆ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬುಡದ ಕಡೆಗೆ ಬನ್ನಿ. ಬ್ರಷ್ ಆದ ಮೇಲೆ ಸ್ಟೀಲ್ ಬಾಚಣಿಗೆ ಹಾಯಿಸಿ, ಎಲ್ಲೂ ಸಿಕ್ಕದೆ ಬಂದರೆ ಸರಿ. ಕಿವಿ ಹಿಂದೆ, ಕಂಕುಳು, ಬೆಲ್ಟಿನ ಅಡಿ, ಹಿಂದೊಡೆ, ಇಷ್ಟನ್ನು ದಿನಾ ಬೆರಳಲ್ಲಿ ತಡವಿ ನೋಡಿದರೆ ಸಾಕು.

ಸ್ನಾನ 3–4 ವಾರಕ್ಕೊಮ್ಮೆ, ಉಗುರುಬೆಚ್ಚಗಿನ ನೀರಲ್ಲಿ, ನಾಯಿಯ ಶಾಂಪೂವಿನಲ್ಲೇ. ನಮ್ಮ ಶಾಂಪೂ ಅವುಗಳ ಚರ್ಮಕ್ಕೆ ಹೊಂದುವುದಿಲ್ಲ, ಸುಮ್ನೆ ಕೆರೆತ. ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ.

ಒಣಗಿಸುವುದೇ ದೊಡ್ಡ ಕೆಲಸ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಒತ್ತಿ ನೀರು ಹೀರಿಸಿ, ಆಮೇಲೆ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು ಕೂದಲು ಬಿಡಿಸುತ್ತಾ ಬುಡ ಒಣಗಿಸಿ. ಮೇಲೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಹೊಟ್ಟೆಯಡಿ ಇನ್ನೂ ತಣ್ಣಗಿರುತ್ತದೆ. ಸ್ನಾನವಾದ ತಕ್ಷಣ ಬಚ್ಚಲ ಒಲೆಯ ಬೂದಿಯಲ್ಲಿ ಹೋಗಿ ಮಲಗಲು ಬಿಡಬೇಡಿ, ಅದಕ್ಕೆ ಎಷ್ಟೇ ಇಷ್ಟವಿದ್ದರೂ.

ಬೇಸಿಗೆಯಲ್ಲಿ ಸೆಕೆ ಅಂತ ಬೋಳಿಸುವವರಿದ್ದಾರೆ, ಬೇಡ. ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಕೆಲವೊಮ್ಮೆ ಮೊದಲಿನಂತೆ ಬೆಳೆಯುವುದೂ ಇಲ್ಲ.

ಕಾಫಿ ತೋಟಕ್ಕೆ ಹೋಗಿ ಬಂದ ದಿನ ಬೆರಳ ಸಂದು, ಕಿವಿಯೊಳಗೆ, ಬಾಲದ ಬುಡ ನೋಡಲೇಬೇಕು. ಇಂಬಳ ರಕ್ತ ಕುಡಿದು ಉದುರಿ ಹೋಗುತ್ತದೆ, ಉಣ್ಣಿ ದಿನಗಟ್ಟಲೆ ಕಚ್ಚಿಕೊಂಡೇ ಇರುತ್ತದೆ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಹಚ್ಚಬೇಡಿ, ಉಗುರಲ್ಲಿ ಹಿಸುಕಬೇಡಿ. ಆಮೇಲೆ ಊಟ ಬಿಟ್ಟು, ಮೈ ಬಿಸಿಯಾಗಿ, ಒಸಡು ಬಿಳಿಚಿಕೊಂಡರೆ ಉಣ್ಣಿ ಜ್ವರ ಇರಬಹುದು. ನಾಳೆ ನೋಡೋಣ ಅನ್ನದೆ ಅವತ್ತೇ ಪಶು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.