ಕೋಲಾರದ ಕೆರೆಗಳನ್ನು ಅರ್ಥದಿಂದ ಹುಡುಕಿದ್ದು: ನನ್ನ ಅನುಭವ

ನಾನು ಕಟ್ಟಿದ ಹುಡುಕು ಸಾಧನದಲ್ಲಿ 'ಮುಳಬಾಗಿಲು ಹತ್ತಿರದ ಕುಂಟೆಗಳು' ಅಂತ ಕನ್ನಡದಲ್ಲೇ ಟೈಪ್ ಮಾಡಿದರೆ ಈಗ ಕುಂಟೆಗಳೇ ಬರುತ್ತವೆ, ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಇಷ್ಟಕ್ಕೆ ಹೆಚ್ಚು ಕಡಿಮೆ ಒಂದೂವರೆ ವರ್ಷ ಹಿಡಿಯಿತು. 'ಮ್ಯಾಪ್ ಇರುವಾಗ ಇದೆಲ್ಲ ಯಾಕಪ್ಪಾ' ಅಂದ ಬೆಂಗಳೂರಿನ ಗೆಳೆಯರೇ ಹೋದ ತಿಂಗಳು ಕೋಡ್ ಕೇಳಿದರು.

ಶುರು ಮಾಡಿದ್ದು ಹೂಳೆತ್ತುವವರಿಗೆ ಒಂದು ಪಟ್ಟಿ ಮಾಡಿಕೊಡಲು. ಸುಮ್ನೆ ಪದ ಹಿಡಿದು 'ಕೋಲಾರ ಜಲಾಶಯ' ಅಂತ ಹುಡುಕಿದರೆ ಮಧ್ಯಪ್ರದೇಶದ ಕೋಲಾರ್ ಅಣೆಕಟ್ಟೇ ಮೊದಲು ಬರುತ್ತಿತ್ತು, ಭೋಪಾಲ್‌ಗೆ ನೀರು ಕೊಡುತ್ತದಲ್ವಾ, ಅದು.

ಆಮೇಲೆ ಎಲ್ಲವನ್ನೂ ಎಂಬೆಡಿಂಗ್ ಮಾಡಿಬಿಟ್ಟೆ, ಅಂದರೆ ಪ್ರತಿ ಹೆಸರನ್ನೂ ಅದರ ಅರ್ಥಕ್ಕೆ ತಕ್ಕ ಸಂಖ್ಯೆಗಳ ಸಾಲಾಗಿ (ವೆಕ್ಟರ್) ಬದಲಿಸಿದೆ. ಅದಕ್ಕೆ ಬೇಕಾದ ಜಿಪಿಯು (ಭಾರೀ ಲೆಕ್ಕ ಮಾಡುವ ಚಿಪ್) ಬಾಡಿಗೆಗೆ ಎರಡು ತಿಂಗಳಲ್ಲಿ ಒಂಬತ್ತೋ ಹತ್ತೋ ಸಾವಿರ ಹೋಯಿತು. ಬಂದದ್ದೇನು? 'ದೊಡ್ಡ ಕೆರೆ', 'ಚಿಕ್ಕ ಕೆರೆ' ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತವು. ಬಂಗಾರಪೇಟೆ ಅಂದರೆ ಒಡವೆ ಅಂಗಡಿ ತೋರಿಸಿತು. 5 ಕಿ.ಮೀ. ಅಂದರೂ 50 ಕಿ.ಮೀ. ಅಂದರೂ ವೆಕ್ಟರ್‌ಗೆ ಒಂದೇ. ಜಿಯೋಕೋಡಿಂಗ್‌ಗೆ, ಅಂದರೆ ಊರ ಹೆಸರಿನಿಂದ ಮ್ಯಾಪಿನ ಜಾಗ ಹುಡುಕಲು, ಒಂದು ಕಂಪನಿಯ ಸೇವೆ ತಗೊಂಡೆ, ಮೊದಲ ತಿಂಗಳೇ ಏಳು ಸಾವಿರದ ಬಿಲ್. ಅವತ್ತೇ ನಿಲ್ಲಿಸಿದೆ.

ಕೆಲಸ ಆಗಿದ್ದು ಪ್ರಶ್ನೆಯನ್ನು ಒಡೆದಾಗ: ಏನು, ಎಲ್ಲಿ, ಎಷ್ಟು ದೂರ. ಎಂಬೆಡಿಂಗ್ 'ಏನು' ಅನ್ನೋದಕ್ಕೆ ಮಾತ್ರ. ಅದರ ಬೆನ್ನಿಗೆ ಕೈಯಾರೆ ಕಟ್ಟಿದ ಸಣ್ಣ ಆಂಟಾಲಜಿ (ಯಾವುದು ಯಾವ ಬಗೆ ಅನ್ನೋ ಪಟ್ಟಿ) ಇದೆ: ಕೆರೆ, ಕುಂಟೆ, ಕಟ್ಟೆ, ಗೋಕಟ್ಟೆ, ಕಲ್ಯಾಣಿ. ಚೆರುವು ಕೂಡ ಇದೆ, ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಜಾಸ್ತಿ. ಜನರೇ ಸೇರಿ ಮಾಡುವ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇವುಗಳಲ್ಲಿ ಎಷ್ಟೋ ಬರೀ 'ವಾಟರ್' ಅಂತ ಇರುತ್ತವೆ, ಹೆಸರು ನೋಡಿಯೇ ಬೇರೆ ಮಾಡಬೇಕು. 'ಎಲ್ಲಿ'ಗೆ ವಿಕಿಡೇಟಾ ಅನ್ನೋ ಮುಕ್ತ ಮಾಹಿತಿ ಕೋಶದ ಪಿ131 (ಯಾವ ಆಡಳಿತ ಪ್ರದೇಶದೊಳಗೆ ಇದೆ ಅನ್ನೋ ಕೊಂಡಿ) ಹಿಡಿದು ಮೇಲಕ್ಕೆ ಹೋಗುವುದು. ದೂರ ಪೋಸ್ಟ್‌ಜಿಐಎಸ್ (ಮ್ಯಾಪ್ ಲೆಕ್ಕ ಮಾಡುವ ಡೇಟಾಬೇಸ್) ಲೆಕ್ಕ. ಮೊದಲು ದೂರದಿಂದ ಜರಡಿ ಹಿಡಿಯಿರಿ, ಅರ್ಥ ಆಮೇಲೆ. ನಾನು ಉಲ್ಟಾ ಮಾಡಿ ಮೂರು ತಿಂಗಳು ಕಳೆದುಕೊಂಡೆ.

ಇನ್ನೊಂದು ಹತ್ತು ದಿನ ಹೋಗಿದ್ದು ಅಕ್ಷಾಂಶ ರೇಖಾಂಶದಲ್ಲಿ. ಕೋಲಾರ ಸುಮಾರು 13.1 ಉತ್ತರ, 78.1 ಪೂರ್ವ. ಜಾಗವನ್ನು ಪಠ್ಯವಾಗಿ ಬರೆಯುವ ಡಬ್ಲ್ಯೂಕೆಟಿ ಮಾದರಿಯಲ್ಲಿ ರೇಖಾಂಶ ಮೊದಲು ಬರಬೇಕು, ನಾನು ಅಕ್ಷಾಂಶ ಮೊದಲು ಬರೆದಿದ್ದೆ. ನಮ್ಮ ಕೆರೆಗಳೆಲ್ಲ ನಾರ್ವೆಯ ಮೇಲಿನ ಸ್ವಾಲ್‌ಬಾರ್ಡ್ ಹತ್ತಿರ ಕೂತಿದ್ದವು. ಎರರ್ ಏನೂ ಬರಲ್ಲ, ಫಲಿತಾಂಶ ಖಾಲಿ ಬರುತ್ತದೆ ಅಷ್ಟೇ.

ಚಿಂತಾಮಣಿ, ಬಾಗೇಪಲ್ಲಿ ಕಡೆಯ ಹಳೇ ಕಾಗದಗಳಲ್ಲಿ 'ಕೋಲಾರ ಜಿಲ್ಲೆ' ಅಂತಲೇ ಇರುತ್ತದೆ, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೇ ದಾಖಲೆಯ ಇಸವಿ ನೋಡಿ ಜಿಲ್ಲೆ ತೀರ್ಮಾನಿಸುವ ಹಾಗೆ ಮಾಡಿದೆ. ಬೌರಿಂಗ್‌ಪೇಟೆ ಅಂತ ಸಿಕ್ಕರೆ ಬಂಗಾರಪೇಟೆಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಒಂದೇ ಊರಿಗಿರುವ ಐದಾರು ಸ್ಪೆಲಿಂಗ್‌ಗಳನ್ನು ಸೇರಿಸುವ ನಿಯಮಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಮಧ್ಯೆ ಇನ್ನೊಂದು ನೋಡಿದೆ. ಹೆಸರು 'ಸಂದ್ರ' ಅಂತ ಮುಗಿಯುವ ಊರುಗಳನ್ನೆಲ್ಲ ತೆಗೆದು, ಒಂದು ಕಿ.ಮೀ. ಒಳಗೆ ಕೆರೆ ಇದೆಯಾ ಅಂತ ಕೇಳಿದೆ. ಸಂದ್ರ ಅಂದರೆ ಸಮುದ್ರ, ದೊಡ್ಡ ಕೆರೆಗೂ ಹಾಗೇ ಹೆಸರಿಡುತ್ತಿದ್ದರು, ಅಂದರೆ ಕೆರೆ ಇರಲೇಬೇಕು. ಹತ್ತರಲ್ಲಿ ಏಳೆಂಟಕ್ಕೆ ಸಿಕ್ಕಿತು. ಸಿಗದ ಒಂದು ಊರಿಗೆ ಬೈಕಲ್ಲಿ ಹೋದೆ. ಏರಿ ಇತ್ತು, ಕಲ್ಲಿನ ತೂಬೂ ಇತ್ತು, ಒಳಗೆಲ್ಲ ನೀಲಗಿರಿ. ಮ್ಯಾಪಿನಲ್ಲಿ ಅದು ಕಾಡು. ಈಗ ಅಂಥವಕ್ಕೆ 'ಹಳೇ ಕೆರೆ' ಅಂತ ಬೇರೆ ಗುಂಪು ಇದೆ.

ಸರ್ವರ್ ಖರ್ಚು ತಿಂಗಳಿಗೆ ಆರೇಳು ನೂರು. ಪರೀಕ್ಷೆಗೆ ನಮ್ಮೂರ ನೀರುಗಂಟಿಯವರ (ಕೆರೆಯ ನೀರು ಬಿಡುವವರು) ಬಾಯಲ್ಲಿ ಬಂದ ಪ್ರಶ್ನೆಗಳನ್ನೇ ಬರೆದುಕೊಂಡೆ, ಅರವತ್ತರಷ್ಟು. ಐವತ್ತಕ್ಕೂ ಮೇಲೆ ಸರಿ ಬಂತು. ತಪ್ಪಿದ್ದರಲ್ಲಿ ಹೆಚ್ಚಿನವು 'ಏರಿ ಕೆಳಗಿನ ಗದ್ದೆ' ಥರದವು. ಅಲ್ಲಿ ಕೆಳಗೆ ಅಂದರೆ ದಕ್ಷಿಣ ಅಲ್ಲ, ತೂಬಿನ ನೀರು ಹರಿಯುವ ಅಚ್ಚುಕಟ್ಟಿನ ಕಡೆ. 30 ಮೀಟರ್‌ಗೆ ಒಂದರಂತೆ ನೆಲದ ಎತ್ತರ ಕೊಡುವ ಡೇಟಾದಲ್ಲಿ ಸಣ್ಣ ಏರಿ ಕಾಣುವುದೇ ಇಲ್ಲ. ಅದಕ್ಕೇ ಈಗ ಅವರ ಜೊತೆ ನಡೆದು ತೂಬುಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದೇನೆ, ಇಲ್ಲಿಯವರೆಗೆ ನಲವತ್ತು ಚಿಲ್ಲರೆ ಆಗಿವೆ.