ರಿಂಗ್ ರೋಡ್ ಒಂದು ಸುತ್ತು: ನಡೆ-ಓಟದಲ್ಲಿ ಮುಗಿಸಿದ ನನ್ನ ಮೊದಲ ಫುಲ್ ಮ್ಯಾರಥಾನ್

21 ಕಿಲೋಮೀಟರಿನ ಹಾಫ್ ಮ್ಯಾರಥಾನ್‌ಗಳನ್ನು ಸಲೀಸಾಗಿ ಮುಗಿಸುತ್ತಿದ್ದವನಿಗೆ 42.195 ಕಿಲೋಮೀಟರಿನ ಫುಲ್ ಮಾತ್ರ ದಕ್ಕುತ್ತಿರಲಿಲ್ಲ. ಪರಊರಿನ ಎರಡು ಮ್ಯಾರಥಾನ್‌ಗಳಿಗೆ ಎಂಟ್ರಿ ಫೀಸು, ರೈಲು, ಲಾಡ್ಜು, ಮೇಲೆ ನಾಲ್ಕೂವರೆ ಸಾವಿರದ ಶೂ ಅಂತ ಹನ್ನೆರಡು ಸಾವಿರದ ಹತ್ತಿರ ಕರಗಿತ್ತು. ಎರಡೂ ಕಡೆ 28-30 ಕಿಲೋಮೀಟರಿಗೆ ಮೀನಖಂಡ ಹಿಡಿದುಕೊಂಡು ಫುಟ್‌ಪಾತ್ ಮೇಲೆ ಕೂತದ್ದೇ ಬಂತು. ಒಂದು ಕಡೆಯಂತೂ ಹಿಂದುಳಿದವರನ್ನು ತುಂಬಿಕೊಳ್ಳುವ ಬಸ್ಸಿನಲ್ಲಿ ವಾಪಸು. ಅಲ್ಲಿ ಕೊಟ್ಟ ಬಿಸ್ಕತ್ತಿನ ಪೊಟ್ಟಣ ನನಗೆ ಎಷ್ಟಕ್ಕೆ ಬಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಹಿಡಿದದ್ದು ನಡೆ-ಓಟದ ದಾರಿ: ಕೆಲವು ನಿಮಿಷ ಓಟ, ಸ್ವಲ್ಪ ನಡಿಗೆ, ಮತ್ತೆ ಓಟ, ಹೀಗೇ ಕೊನೆಯವರೆಗೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಪ್ರಚಾರಕ್ಕೆ ತಂದದ್ದು. ನಮ್ಮ ಬೆಳಗಿನ ಗುಂಪಿನಲ್ಲಿ ಹೇಳಿದರೆ, "ನಡೆದ್ರೆ ಅದೆಂಥ ಮ್ಯಾರಥಾನ್ ರೀ, ತೀರ್ಥಯಾತ್ರೆ ಅನ್ನಿ" ಅಂದರು. ಅನ್ನಲಿ. ಇನ್ನೊಂದು ಎಂಟ್ರಿ ಫೀಸು ಕಟ್ಟುವ ಮನಸ್ಸೂ ಇರಲಿಲ್ಲ. ಮೈಸೂರಿನ ರಿಂಗ್ ರೋಡ್ ಒಂದು ಸುತ್ತು ಹೆಚ್ಚುಕಮ್ಮಿ 42 ಕಿಲೋಮೀಟರ್, ಅದೂ ಪುಕ್ಕಟೆ.

ಈ ವಿಧಾನದಲ್ಲಿ ಕಷ್ಟ ಇರುವುದು ಕಾಲಿಗಲ್ಲ. ಸುಸ್ತಾದ ಮೇಲೆ ನಡೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೈಯಲ್ಲಿ ಇನ್ನೂ ಕಸುವಿರುವಾಗ, ನಾಲ್ಕನೇ ನಿಮಿಷಕ್ಕೇ ನಡೆಯಬೇಕು. ಫೋನಿನಲ್ಲಿ ಟೈಮರ್ ಇಟ್ಟು ನೋಡಿದೆ. ಅದು ಕೂಗಿದಾಗಲೆಲ್ಲ "ಇನ್ನೊಂಚೂರು ಓಡೋಣ" ಅಂತ ಬಾಯಿ ಮುಚ್ಚಿಸಿದೆ. ಅದಕ್ಕೇ ಬಾಯಿ ಮುಚ್ಚಿಸಲಾಗದ ಮನುಷ್ಯನೇ ಬೇಕಾಯಿತು. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯನೊಬ್ಬನಿದ್ದಾನೆ. ಅವನು ಓಡುವವನಲ್ಲ, ಹೊಟ್ಟೆ ಕೊಂಚ ಮುಂದೆ. ಮಗನ ಗೇರಿಲ್ಲದ ಸೈಕಲ್ಲು, ಒಂದು ವಿಷಲ್, ಕೈಗಡಿಯಾರ ತಂದ. ವಾಚನ್ನು ನನ್ನ ಕೈಯಿಂದಲೂ ಬಿಚ್ಚಿಸಿದ. 2019ರಲ್ಲಿ ವಿಯೆನ್ನಾದಲ್ಲಿ ಎರಡು ಗಂಟೆಯೊಳಗೆ ಮ್ಯಾರಥಾನ್ ದೂರ ಓಡಿದ ಕೀನ್ಯಾದ ಕಿಪ್ಚೋಗೆಗೆ ವೇಗ ಕಾಯ್ದುಕೊಡಲು ಜೊತೆಗೆ ಓಡುವ 41 ಜನ ಪೇಸರ್‌ಗಳು, ನನಗೆ ಇವನೊಬ್ಬ.

ಡಿಸೆಂಬರ್, ಬೆಳಗಿನ ಜಾವ ನಾಲ್ಕು ಗಂಟೆ, ರಿಂಗ್ ರೋಡಿನ ಹಿನಕಲ್‌ನಿಂದ ಬೋಗಾದಿ ಕಡೆಗೆ ಹೊರಟೆವು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಓಟದ ಪೇಸ್ ಕಿಲೋಮೀಟರಿಗೆ ಆರೂ ಮುಕ್ಕಾಲು ನಿಮಿಷದ ಹತ್ತಿರ. ಮೊದಲ ವಿಷಲ್‌ಗೇ ಜಗಳ.

"ಲೋ, ಇನ್ನೂ ಒಂದು ಕಿಲೋಮೀಟರೂ ಆಗಿಲ್ವಲ್ಲೋ!"

"ನಡಿ ಅಂದ್ರೆ ನಡಿ. ಇಲ್ದಿದ್ರೆ ನಾನ್ ಮನೆಗೆ ಹೋಗ್ತೀನಿ."

ತಿನ್ನುವ ವಿಷಯಕ್ಕೆ ಬಂದರೆ, ಓಟಗಾರರು ಶಕ್ತಿಗೆ ನುಂಗುವ ಪೊಟ್ಟಣದ ಜೆಲ್ ಮುಟ್ಟಲಿಲ್ಲ. ನೂರು ರೂಪಾಯಿಯ ಮೇಲಿನ ಅಂಟನ್ನು ಐದಾರು ಸಲ ನುಂಗುವುದಕ್ಕಿಂತ ಏಲಕ್ಕಿ ಬಾಳೆ, ಕಡಲೆಕಾಯಿ ಚಿಕ್ಕಿಯ ಚೂರು, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ವಾಸಿ. ಹಿಂದಿನ ಲಾಂಗ್ ರನ್‌ಗಳಲ್ಲಿ ರಾಗಿ ಅಂಬಲಿಯನ್ನೂ ಪ್ರಯೋಗಿಸಿದ್ದೆ. ತಣ್ಣಗೆ, ಹಿತವಾಗಿರುತ್ತದೆ. ಒಂದು ಗಂಟೆ ಕಳೆದ ಮೇಲೆ ಪೊದೆ ಹುಡುಕಬೇಕಾಗುತ್ತದೆ. ಓಟದ ದಿನಕ್ಕೆ ಬೇಡ, ಮರುದಿನಕ್ಕೆ ಇಟ್ಟುಕೊಳ್ಳಿ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಅಂತಲೇ ಇರುವುದು. ಅರ್ಧ ಲೀಟರ್ ಬಾಟಲಿಗೆ ಪೂರಾ ಸುರಿದು "ಹೊಟ್ಟೆ ತೊಳಸುತ್ತೆ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಬರೀ ನೀರನ್ನೇ ಗಟಗಟ ಕುಡಿದರೆ ಇನ್ನೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತದೆ. ಎರಡನೇ ಬಾಟಲಿಗೆ ಬೆಲ್ಲ, ನಿಂಬೆಹಣ್ಣಿನ ಜೊತೆ ಇನ್ನೊಂದು ಸಾಮಾನು ಹಾಕಿದ್ದೆ. ಅದೇನಂತ ಇಲ್ಲಿ ಹೇಳುವುದಿಲ್ಲ.

ನಂಜನಗೂಡು ರಸ್ತೆ ದಾಟಿ ಚಾಮುಂಡಿ ಬೆಟ್ಟದ ಬೆನ್ನಿಗೆ ಬಂದಾಗ ಸೈಕಲ್ ಪಂಕ್ಚರ್. ದೀಪವಿಲ್ಲದ ಜಾಗ, ರಸ್ತೆ ಬದಿ ಕಸದ ರಾಶಿ, ಅದಕ್ಕೆ ಕಾವಲು ನಾಯಿಗಳು. ನಾನು ನಿಂತೆ. ಅವನು ನನ್ನನ್ನು ಬೈದು ಓಡಿಸಿದ. ಹ್ಯಾಂಡಲ್ಲಿಗೆ ನೇತುಹಾಕಿದ್ದ ಚೀಲ ಧಡಧಡ ಬಡಿಯುತ್ತಿತ್ತು. ಹವಾಯಿ ಚಪ್ಪಲಿಯಲ್ಲಿ ಸೈಕಲ್ ತಳ್ಳಿಕೊಂಡು, ವಿಷಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹಿಂದೆ ಬರುತ್ತಿದ್ದ. ನಾನು ನಡೆಯುವ ನಿಮಿಷದಲ್ಲಿ ಏದುಸಿರು ಬಿಡುತ್ತಾ ಬಂದು ಕೂಡಿಕೊಳ್ಳುತ್ತಿದ್ದ. ಎರಡು ಕಿಲೋಮೀಟರಾದರೂ ಹೀಗೇ ಸಾಗಿರಬೇಕು. ಸತತ ಓಡುವ ಲೆಕ್ಕವಾಗಿದ್ದರೆ ಅವನು ಅಲ್ಲೇ ಕಳೆದುಹೋಗುತ್ತಿದ್ದ. ಮುಂದೆ ಲಾರಿ ಟೈರಿನ ಅಂಗಡಿಯವನನ್ನು ಎಬ್ಬಿಸಿ ಅರವತ್ತು ರೂಪಾಯಿ ಕೊಟ್ಟು ಹಾಕಿಸಿಕೊಂಡೆವು.

ಮೂವತ್ತು ಕಿಲೋಮೀಟರ್ ದಾಟುವ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಿತ್ತು. ಹಿಂದೆ ಕೈಕೊಟ್ಟಿದ್ದು ಇಲ್ಲೇ. ನಾನು ಕೇಳುವ ಮೊದಲೇ ಅವನು ಲೆಕ್ಕ ಬದಲಿಸಿದ: ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಬೆಂಗಳೂರು ರಸ್ತೆ ದಾಟಿದ ಮೇಲೆ ಮೀನಖಂಡ ಒಮ್ಮೆ ಚುಳುಕ್ ಅಂದಿತು, ಹಿಡಿದುಕೊಳ್ಳಲಿಲ್ಲ. ಕೆಆರ್‌ಎಸ್ ರಸ್ತೆಯ ನಂತರ ಅವನು ಏನು ಹೇಳಿ ಓಡಿಸಿದ ಅನ್ನುವುದನ್ನು ಬರೆಯುವಂತಿಲ್ಲ, ನನ್ನ ಹೆಂಡತಿಯೂ ಓದುತ್ತಾಳೆ.

ಹಿನಕಲ್ ತಲುಪಿದಾಗ ಇನ್ನೂರು ಮೀಟರಿನಷ್ಟು ಕಮ್ಮಿ ಬಂತು. ಸರ್ವಿಸ್ ರಸ್ತೆಯಲ್ಲಿ ಆಚೀಚೆ ಓಡಿ 42.195 ಮಾಡಿಕೊಂಡೆ. ಐದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಪಂಕ್ಚರ್, ಹಣ್ಣು, ಓಆರ್‌ಎಸ್, ಕೊನೆಯಲ್ಲಿ ಇಬ್ಬರ ಮಸಾಲೆದೋಸೆ ಎಲ್ಲ ಸೇರಿ ಐನೂರು ಮುಟ್ಟಲಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಅವನಿಗೆ ಹೊಸ ಜೊತೆ ಕೊಡಿಸುವುದು ಬಾಕಿ ಇದೆ. ತೀರ್ಥಯಾತ್ರೆ ಅಂದವರಲ್ಲಿ ಇಬ್ಬರು ಈಗ ವಿಷಲ್ ಊದುವವರನ್ನು ಹುಡುಕುತ್ತಿದ್ದಾರೆ. ನಮ್ಮವನನ್ನು ಮಾತ್ರ ಕೇಳಬೇಡಿ, ಫೆಬ್ರವರಿಯವರೆಗೆ ನಾನೇ ಬುಕ್ ಮಾಡಿಕೊಂಡಿದ್ದೇನೆ.