ಹಳದಿ ಹಾಲು ಚೆಲ್ಲದಂತೆ ಅಜ್ಜಿಯರನ್ನು ಒಪ್ಪಿಸುವ ನನ್ನ ಉಪಾಯ

ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹೆರಿಗೆಯಾದ ಮೊದಲ ಗಂಟೆಯಲ್ಲಿ ನನಗೆ ಜಾಸ್ತಿ ಮಾತು ಇರುವುದು ಬಾಣಂತಿಯ ಹತ್ತಿರ ಅಲ್ಲ, ಅವಳ ಅತ್ತೆ ಅಥವಾ ಅಜ್ಜಿ ಹತ್ತಿರ. ಕೈಚೀಲದಲ್ಲಿ ಜೇನುತುಪ್ಪ ಇಟ್ಟುಕೊಂಡೇ ಬಂದಿರುತ್ತಾರೆ. ಮೊದಲ ಹಾಲು ಹಳದಿಯಾಗಿ ಅಂಟಂಟಾಗಿ ಇರುತ್ತದಲ್ಲ, ಅದು ಕೆಟ್ಟ ಹಾಲು, ಹಿಂಡಿ ಚೆಲ್ಲಬೇಕು, ಬಿಳಿ ಹಾಲು ಬರೋವರೆಗೆ ಕೂಸಿಗೆ ಜೇನು ನೆಕ್ಕಿಸಬೇಕು ಅನ್ನುವುದು ಅವರ ಲೆಕ್ಕ.

ನಾನು ರೋಗನಿರೋಧಕ ಶಕ್ತಿ ಅಂತೆಲ್ಲ ಶುರು ಮಾಡುವುದಿಲ್ಲ. "ಅಜ್ಜಿ, ಹಸು ಕರು ಹಾಕಿದ್ರೆ ಗಿಣ್ಣು ಹಾಲು ಮೊದಲು ಯಾರಿಗೆ ಬಿಡ್ತೀರಿ?"

"ಕರುವಿಗೆ ಕಣವ್ವ, ಇಲ್ಲಾಂದ್ರೆ ಅದು ಉಳಿಯುತ್ತಾ?"

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ನಿಜ ಹೇಳಬೇಕೆಂದರೆ ಕರುವಿನ ಕಷ್ಟ ಇನ್ನೂ ದೊಡ್ಡದು. ಹಸುವಿನ ಮಾಸು ತಾಯಿಯ ಆಂಟಿಬಾಡಿಯನ್ನು, ಅಂದರೆ ರೋಗದ ಕ್ರಿಮಿಗಳನ್ನು ಎದುರಿಸುವ ಪ್ರೋಟೀನನ್ನು, ಕರುವಿಗೆ ದಾಟಿಸುವುದೇ ಇಲ್ಲ ಅನ್ನಬಹುದು, ಎಲ್ಲವೂ ಗಿಣ್ಣಿನಲ್ಲೇ ಸಿಗಬೇಕು, ಅದೂ ಮೊದಲ 24 ಗಂಟೆಯೊಳಗೆ. ನಮ್ಮ ಕೂಸಿಗೆ ಹೊಟ್ಟೆಯಲ್ಲಿರುವಾಗಲೇ ಐಜಿಜಿ ಅನ್ನುವ ಆಂಟಿಬಾಡಿ ಸಿಗುತ್ತದೆ, ಕೊನೆಯ ಮೂರು ತಿಂಗಳಲ್ಲಿ ಜಾಸ್ತಿ. ತಿಂಗಳು ತುಂಬದೆ ಹುಟ್ಟಿದರೆ ಇದು ಕಡಿಮೆ. ಅಂಥ ಕೂಸು ನೋಡಲು ನೆಂಟರು ಸಾಲುಗಟ್ಟಿ ಬಂದರೆ ಮುಲಾಜಿಲ್ಲದೆ ಬಾಗಿಲಲ್ಲೇ ತಡೆಯುತ್ತೇನೆ, ಬೈಸಿಕೊಂಡರೂ ಸರಿ. ಗರ್ಭಿಣಿಗೆ ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಇಂಜೆಕ್ಷನ್ ಕೊಡುವುದೂ ಆಂಟಿಬಾಡಿ ಹೀಗೆ ಕೂಸಿಗೆ ದಾಟಲಿ ಅಂತಲೇ: ಅವಳಿಗೆ ಹಾಕಿದ್ದು ಮುಂದೆ ಕೂಸನ್ನೂ ಧನುರ್ವಾಯುವಿನಿಂದ ಕಾಯುತ್ತದೆ. 2015ರಲ್ಲಿ ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು, ಅದರಲ್ಲಿ ಆಸ್ಪತ್ರೆ ಹೆರಿಗೆಯ ಜೊತೆ ಗರ್ಭಿಣಿಯರಿಗೆ ಕೊಟ್ಟ ಧನುರ್ವಾಯು ಇಂಜೆಕ್ಷನ್ನಿನ ಪಾಲೂ ಇದೆ.

ಹಳದಿ ಹಾಲಿನ ಕೆಲಸವೇ ಬೇರೆ. ಅದರಲ್ಲಿ ಐಜಿಎ ಅನ್ನುವ ಇನ್ನೊಂದು ಆಂಟಿಬಾಡಿ ತುಂಬಿರುತ್ತದೆ. ಅದು ರಕ್ತಕ್ಕೆ ಹೋಗದೆ ಕರುಳಿನಲ್ಲೇ ಉಳಿದು ಭೇದಿ ತರುವ ಕ್ರಿಮಿಗಳನ್ನು ತಡೆಯುತ್ತದೆ. ಚಮಚದಷ್ಟು ಬಂದರೂ ಸಾಕು, ಮೊದಲ ದಿನ ಕೂಸಿನ ಹೊಟ್ಟೆ ಹಿಡಿಯುವುದೇ ಅಷ್ಟು. ಸಿಸೇರಿಯನ್ ಆದವರಿಗೆ ನಾನೇ ಕೂಸನ್ನು ಎದೆಗೆ ಹಿಡಿದು ಕುಡಿಸುತ್ತೇನೆ. ಜೇನು ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಿಂದ ಬೊಟುಲಿಸಂ ಅನ್ನುವ, ಕೂಸಿನ ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ಬರುವ ಅಪಾಯ ಇದೆ.

ರಕ್ಷಣೆ ತಾಯಿಯಿಂದಲೇ ಬಂದ ಮೇಲೆ ಲಸಿಕೆ ಯಾಕೆ ಅಂತ ಅಪ್ಪಂದಿರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಕ್ಷಯಕ್ಕೆ ಈ ಆಂಟಿಬಾಡಿ ಸಾಲದು, ಅದಕ್ಕೇ ಹುಟ್ಟಿದಾಗಲೇ ಬಿಸಿಜಿ ಲಸಿಕೆ. ದಡಾರದ್ದು ಉಲ್ಟಾ: ತಾಯಿಯ ಆಂಟಿಬಾಡಿ ಇರುವಾಗ ಲಸಿಕೆ ಹಾಕಿದರೆ ಅದು ಲಸಿಕೆಯನ್ನೇ ಹೊಡೆದು ಹಾಕುತ್ತದೆ. ತಿಂಗಳು ಕಳೆದ ಹಾಗೆ ಆ ಆಂಟಿಬಾಡಿ ಕರಗಿ ಹೋಗುತ್ತದೆ, ಹಾಗಾಗಿ ನಮ್ಮಲ್ಲಿ 9 ತಿಂಗಳು ತುಂಬಿದ ಮೇಲೆ ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆ. ಡಿಸ್ಚಾರ್ಜ್ ದಿನ ಆ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆದು, ಅಜ್ಜಿ ಕೈಗೇ ಕೊಡುತ್ತೇನೆ. ಮನೆಯಲ್ಲಿ ಅವರ ಮಾತೇ ನಡೆಯುವುದು, ಅಲ್ವಾ.